ಮುಟ್ಟಿನ ದಿನಾಂಕ ಪ್ರತಿ ತಿಂಗಳೂ ಬದಲಾದರೆ ತೊಂದರೆಯೇ?

ಪ್ರಶ್ನೆ: ನನಗೆ 29 ವರ್ಷ. ಒಮ್ಮೆ 26 ದಿನಕ್ಕೇ ಮುಟ್ಟಾಗುತ್ತೇನೆ, ಇನ್ನೊಮ್ಮೆ 33 ದಿನ ಕಾಯಬೇಕಾಗುತ್ತದೆ. ತಿಂಗಳಿಗೆ ಸರಿಯಾಗಿ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ದೇಹದಲ್ಲಿ ದೋಷವಿದೆಯೇ?

ಉತ್ತರ: ನೀವು ಕೊಟ್ಟ ಲೆಕ್ಕವನ್ನಷ್ಟೇ ನೋಡಿದರೆ, ಇಲ್ಲ. ಸ್ರಾವ ಶುರುವಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿದರೆ ಒಂದು ಋತುಚಕ್ರ. (ಅನೇಕರು ಸ್ರಾವ ನಿಂತ ದಿನದಿಂದ ಎಣಿಸಿ ವೃಥಾ ಗಾಬರಿಯಾಗುತ್ತಾರೆ.) ವಯಸ್ಕರಲ್ಲಿ ಇದು 24ರಿಂದ 38 ದಿನಗಳೊಳಗಿದ್ದರೆ ಸಹಜ. ಚಕ್ರದಿಂದ ಚಕ್ರಕ್ಕೆ ಒಂದು ವಾರದಷ್ಟು ಹೆಚ್ಚು ಕಡಿಮೆಯಾಗುವುದೂ ಸಹಜವೇ. ಹೊಸದಾಗಿ ಋತುಮತಿಯರಾದ ಹುಡುಗಿಯರಲ್ಲಿ ಮೊದಲ ಕೆಲವು ವರ್ಷ ಏರಿಳಿತ ಇನ್ನೂ ಹೆಚ್ಚು.

ದಿನಾಂಕ ಏಕೆ ಜರುಗುತ್ತದೆ ಎಂಬುದು ತಿಳಿದರೆ ಅರ್ಧ ಭಯ ಹೋಗುತ್ತದೆ. ಚಕ್ರದ ಮೊದಲ ಭಾಗದಲ್ಲಿ ಅಂಡಾಶಯದೊಳಗೆ ಅಂಡ ಬಲಿಯುತ್ತದೆ. ಅದು ಹೊರಬಿದ್ದ ಮೇಲೆ, ಗರ್ಭ ನಿಲ್ಲದಿದ್ದರೆ, ಸುಮಾರು ಎರಡು ವಾರಕ್ಕೆ ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಈ ಎರಡನೆಯ ಭಾಗ ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹಿಗ್ಗುವುದು ಮೊದಲ ಭಾಗ. ಜೋರು ಜ್ವರ, ಬಿಡದ ಚಿಂತೆ, ಥಟ್ಟನೆ ಇಳಿದ ತೂಕ, ಮಿತಿಮೀರಿದ ವ್ಯಾಯಾಮ ಇವೆಲ್ಲ ಅಂಡ ಬಿಡುಗಡೆಯನ್ನು ಮುಂದೂಡಬಲ್ಲವು. ಆದ್ದರಿಂದ ಮುಟ್ಟು ತಡವಾದಾಗ ಈ ವಾರ ಏನಾಯಿತೆಂದು ತಡಕಾಡುವ ಬದಲು ಎರಡು ಮೂರು ವಾರ ಹಿಂದಕ್ಕೆ ಹೋಗಿ ನೆನಪಿಸಿಕೊಳ್ಳಿ. ಗರ್ಭ ಧರಿಸಿರುವ ಸಾಧ್ಯತೆಯಿದ್ದರೆ ಮಾತ್ರ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ, ಉಳಿದ ಯೋಚನೆ ಆಮೇಲೆ.

ನಿಮ್ಮ ಪತ್ರದಲ್ಲಿ ಒಂದು ಮಾತು ಬಂದಿಲ್ಲ: ಸ್ರಾವ ಎಷ್ಟಾಗುತ್ತದೆ? ನನ್ನ ಮಟ್ಟಿಗೆ ಇದು ದಿನಾಂಕಕ್ಕಿಂತ ದೊಡ್ಡ ಪ್ರಶ್ನೆ. ನಾಲ್ಕು ದಿನ ತಡವಾದರೆ ಕಂಗಾಲಾಗುವ ಹೆಂಗಸರೇ ವರ್ಷಗಟ್ಟಲೆ ಅತಿಸ್ರಾವವನ್ನು "ನನಗೆ ಮೊದಲಿಂದಲೂ ಹೀಗೆಯೇ" ಎಂದು ಸಹಿಸಿಕೊಳ್ಳುತ್ತಾರೆ. ಸಹಿಸಬೇಕಾಗಿಲ್ಲ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೋಯುವುದು, ರಾತ್ರಿ ಬದಲಾಯಿಸಲೆಂದೇ ಏಳಬೇಕಾಗುವುದು, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬೀಳುವುದು, 8 ದಿನ ದಾಟಿದರೂ ಸ್ರಾವ ನಿಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ಅದು ಅತಿಸ್ರಾವ. ಗರ್ಭಕೋಶದ ಗಡ್ಡೆ, ಥೈರಾಯ್ಡ್ ತೊಂದರೆ, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಕಾರಣವಾಗಿರಬಹುದು. ಹೀಗೆ ರಕ್ತ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಸರಿಯಿದ್ದಾಗಲೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಕೂದಲು ಉದುರುವಿಕೆ ಇದ್ದರೆ ಕಬ್ಬಿಣದ ಸಂಗ್ರಹವನ್ನು ಅಳೆಯುವ ಫೆರಿಟಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಸ್ರಾವ ತಗ್ಗಿಸಲು ಒಳ್ಳೆಯ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ. ಗರ್ಭಕೋಶ ತೆಗೆಸುವ ಮಾತು ಮೊದಲ ಭೇಟಿಯಲ್ಲೇ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ನೋವಿನ ಬಗ್ಗೆಯೂ ಇದೇ ಮಾತು. ಮೊದಲೆರಡು ದಿನ ಕಿಬ್ಬೊಟ್ಟೆ ಹಿಂಡುವುದು ಸಾಮಾನ್ಯ. ಪ್ರತಿ ಸಲವೂ ಕೆಲಸಕ್ಕೋ ಕಾಲೇಜಿಗೋ ರಜೆ ಹಾಕಿಸುವ ನೋವನ್ನು ಹೆಣ್ಣಿನ ಪಾಡು ಎಂದು ಬಿಡಬಾರದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು ಹೀಗೆಯೇ.

ಇನ್ನು ಕೆಲವಕ್ಕೆ ಕಾಯುತ್ತಾ ಕೂರಬೇಡಿ. ಮೂರು ತಿಂಗಳು ಮುಟ್ಟಾಗದಿರುವುದು (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ಪಿಸಿಒಎಸ್ ತೊಂದರೆ ಇದ್ದಾಗ ಹೀಗಾಗುವುದುಂಟು), ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಹನಿಯಷ್ಟಾದರೂ ರಕ್ತ ಬರುವುದು, ಇವುಗಳಿಗೆ ತಪಾಸಣೆ ಬೇಕೇ ಬೇಕು. ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ಆಗ ತಕ್ಷಣ ಆಸ್ಪತ್ರೆಗೆ ಹೋಗಿ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು: ಸ್ರಾವ ಶುರುವಾದ ದಿನ, ನಿಂತ ದಿನ, ಬಳಸಿದ ಪ್ಯಾಡುಗಳ ಸಂಖ್ಯೆ, ನೋವು ಇವನ್ನು ಮೂರು ನಾಲ್ಕು ತಿಂಗಳು ಬರೆದಿಡಿ. ಕಾಪರ್ ಟಿ, ಗರ್ಭನಿರೋಧಕ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಔಷಧಿ ಬಳಸುತ್ತಿದ್ದರೆ ಅದನ್ನೂ ಸೇರಿಸಿ. ಮುಂದೆಂದಾದರೂ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಇದನ್ನೇ.