ಬಿಸಿನೀರಿನ ನಲ್ಲಿಯಲ್ಲಿ ನೀರು ಬರುತ್ತದೆ, ಟ್ಯಾಂಕ್ ಮಾತ್ರ ಖಾಲಿ

ಮೇ ತಿಂಗಳು, ಚಳಿಗಾಲ ಕಳೆದ ಮೇಲೆ ನಮ್ಮ ಮೊದಲ ಪ್ರವಾಸ. ಮಿಶಿಗನ್ ಸರೋವರದ ದಂಡೆಯಲ್ಲಿ ಕ್ಯಾಂಪರ್ ನಿಲ್ಲಿಸಿದೆವು. ಕರೆಂಟಿನ ಕೇಬಲ್ ಸಿಕ್ಕಿಸಿ, ನೀರಿನ ಪೈಪ್ ಜೋಡಿಸಿ, ವಾಟರ್ ಹೀಟರಿನ ಸ್ವಿಚ್ ಹಾಕಿದೆ. ಒಂದು ಗಂಟೆ ಕಳೆದರೂ ತಣ್ಣೀರೇ. ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರು ಜೋರಾಗಿಯೇ ಬರುತ್ತಿತ್ತು. ಹಾಗಾಗಿ ನನ್ನ ಅನುಮಾನವೆಲ್ಲ ಕರೆಂಟಿನ ಮೇಲೇ ಹೋಯಿತು.

ಕ್ಯಾಂಪರ್ ಅಂದರೆ ವಾಹನದ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಅಡುಗೆಮನೆ, ಬಚ್ಚಲು ಎಲ್ಲ ಅದರಲ್ಲೇ. ಅಮೆರಿಕದ ಕ್ಯಾಂಪರ್‌ಗಳಲ್ಲಿ ಸಾಮಾನ್ಯವಾಗಿ 6 ಗ್ಯಾಲನ್, ಅಂದರೆ ಸುಮಾರು 23 ಲೀಟರಿನ ಹೀಟರ್ ಇರುತ್ತದೆ. ಊರಲ್ಲಿ ಬಚ್ಚಲಿನ ಗೋಡೆಗೆ ಹಾಕುವ 25 ಲೀಟರಿನ ಗೀಸರ್ ನೋಡಿದ್ದೀರಲ್ವಾ, ಹೆಚ್ಚುಕಡಿಮೆ ಅಷ್ಟೇ ನೀರು. ಎಷ್ಟೋ ಹೀಟರ್‌ಗಳು ಗ್ಯಾಸಿನಲ್ಲೂ ನಡೆಯುತ್ತವೆ, ಕರೆಂಟಿನಲ್ಲೂ ನಡೆಯುತ್ತವೆ.

ಕರೆಂಟಿನ ಕಾಯಿಲ್ ಸಾಮಾನ್ಯವಾಗಿ 1440 ವ್ಯಾಟಿನದು. ಅಲ್ಲಿನ ವೋಲ್ಟೇಜ್ 120. ಭಾಗಿಸಿದರೆ 12 ಆಂಪಿಯರ್. ವೋಲ್ಟೇಜನ್ನು ಆಂಪಿಯರಿನಿಂದ ಭಾಗಿಸಿದರೆ ಕಾಯಿಲಿನ ರೋಧ, ಅಂದರೆ ರೆಸಿಸ್ಟೆನ್ಸ್, 10 ಓಮ್. ಈ 10 ಓಮ್ ನೆನಪಿರಲಿ, ಮುಂದೆ ಬೇಕಾಗುತ್ತದೆ. 15 ಡಿಗ್ರಿಯ 23 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಈ ಕಾಯಿಲಿಗೆ ಸುಮಾರು 50 ನಿಮಿಷ ಬೇಕು. ಹಾಗಾಗಿ ಇಪ್ಪತ್ತೇ ನಿಮಿಷಕ್ಕೆ ಹೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ಗಂಟೆಯಾದರೂ ನೀರು ಬೆಚ್ಚಗೂ ಆಗಿಲ್ಲವೆಂದರೆ ಮಾತ್ರ ಏನೋ ಆಗಿದೆ.

ಮೊದಲು ಸುಲಭದ್ದು ನೋಡಿದೆ. ಬ್ರೇಕರ್ ಸರಿಯಾಗಿತ್ತು. ಹೊರಗಿನ ಮುಚ್ಚಳದ ಹಿಂದೆ, ಮೂಲೆಯಲ್ಲಿ ಇನ್ನೊಂದು ಪುಟ್ಟ ಸ್ವಿಚ್ ಇರುವ ಹೀಟರ್‌ಗಳುಂಟು. ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ. ನಮ್ಮದರಲ್ಲಿ ಅದೂ ಆನ್ ಇತ್ತು. ನೀರು ಅತಿಯಾಗಿ ಕಾದರೆ ಕರೆಂಟ್ ಕಡಿದುಹಾಕುವ ಸುರಕ್ಷತಾ ಬಟನ್ ಒಂದಿರುತ್ತದೆ. ಅದು ಒಮ್ಮೆ ಹಾರಿದರೆ ಕೈಯಲ್ಲೇ ಒತ್ತಿ ಕೂರಿಸಬೇಕು. ಒತ್ತಿದೆ, ಏನೂ ಬದಲಾಗಲಿಲ್ಲ.

ಆಮೇಲೆ ಹೊರಗಿನ ಕೇಬಲನ್ನೇ ಕಿತ್ತು, ಕರೆಂಟ್ ಪೂರ್ತಿ ಹೋಗಿದೆ ಎಂದು ಟೆಸ್ಟರಿನಿಂದ ಖಚಿತ ಮಾಡಿಕೊಂಡೆ. ಕಾಯಿಲಿನ ವೈರ್ ಬಿಚ್ಚಿ, ರೋಧ ಅಳೆಯಲು ಮಲ್ಟಿಮೀಟರ್ ಇಟ್ಟೆ. 10 ಓಮ್ ಹತ್ತಿರ ತೋರಿಸಬೇಕಿತ್ತು. ಮೀಟರ್ ಅಲುಗಲೇ ಇಲ್ಲ. ಕಾಯಿಲ್ ಒಳಗೇ ತುಂಡಾಗಿತ್ತು.

ಹೋದ ಅಕ್ಟೋಬರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಕಾಯಿಲ್, ಸುಮ್ನೆ ನಿಂತಿದ್ದಾಗ ಹೇಗೆ ತುಂಡಾಯಿತು? ಇದಕ್ಕೆ ಉತ್ತರ ಬೇಕಾದರೆ ಕಾಯಿಲಿನ ಒಳಗೆ ಇಣುಕಬೇಕು.

ಹೊರಗೆ ಕಾಣುವುದು ಲೋಹದ ಕೊಳವೆ. ಒಳಗೆ ನೈಕ್ರೋಮ್ ತಂತಿಯ ಸುರುಳಿ. ಎರಡರ ನಡುವೆ ಮೆಗ್ನೀಸಿಯಮ್ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿಯ ಗುಣ ನನಗೆ ಬಹಳ ಇಷ್ಟ. ಕರೆಂಟನ್ನು ತಡೆಯುತ್ತದೆ, ಶಾಖವನ್ನು ಬಿಡುತ್ತದೆ. ತಂತಿಯ ಶಾಖ ಪುಡಿಗೆ, ಪುಡಿಯಿಂದ ಕೊಳವೆಗೆ, ಕೊಳವೆಯಿಂದ ನೀರಿಗೆ. ನೀರು ಪಕ್ಕದಲ್ಲೇ ಇದ್ದು ಶಾಖವನ್ನು ಹೀರಿಕೊಳ್ಳುತ್ತಿರುವವರೆಗೆ ತಂತಿ ಸುರಕ್ಷಿತ. ನೀರಿನ ಜಾಗದಲ್ಲಿ ಗಾಳಿ ಇದ್ದರೆ ಕಥೆ ಬೇರೆ. ಗಾಳಿ ಅಷ್ಟು ಬೇಗ ಶಾಖ ಒಯ್ಯಲಾರದು. ತಂತಿ ಕಾಯುತ್ತಲೇ ಹೋಗಿ ಸುಟ್ಟು ತುಂಡಾಗುತ್ತದೆ. ಇದಕ್ಕೆ ತುಂಬಾ ಹೊತ್ತು ಬೇಕಿಲ್ಲ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲನ್ನು ಮೊದಲು ನೀರಿನಲ್ಲಿ ಮುಳುಗಿಸಿ, ಆಮೇಲೆ ಸ್ವಿಚ್ ಹಾಕು ಅಂತ ಮನೆಯಲ್ಲಿ ಹೇಳುತ್ತಿದ್ದರಲ್ಲ, ಅದಕ್ಕೂ ಇದೇ ಕಾರಣ.

ಅಂದರೆ ನಮ್ಮ ಟ್ಯಾಂಕ್ ಖಾಲಿ ಇತ್ತೇ? ನೀರು ತಣ್ಣಗೇ ಇದ್ದದ್ದರಿಂದ, ಹೊರಗಡೆ ಇರುವ ಒತ್ತಡದ ವಾಲ್ವಿನ ಹಿಡಿಯನ್ನು ಧೈರ್ಯವಾಗಿ ಎತ್ತಿದೆ. (ಟ್ಯಾಂಕ್ ಬಿಸಿ ಇದ್ದಾಗ ಯಾವತ್ತೂ ಹೀಗೆ ಮಾಡಬೇಡಿ, ಕೈ ಬೇಯುತ್ತದೆ.) ಒಂದು ಹನಿಯೂ ಬರಲಿಲ್ಲ.

ಹಾಗಾದರೆ ನಲ್ಲಿಯಲ್ಲಿ ಬಂದ ನೀರು? ಅದು ಚಳಿಗಾಲದ ವ್ಯವಸ್ಥೆಯ ಫಲ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡ ಹಿಗ್ಗಿ ಪೈಪುಗಳನ್ನು ಒಡೆಯುತ್ತದೆ. ಅದಕ್ಕೇ ಮಿಶಿಗನ್ನಿನಂಥ ಕಡೆ ಚಳಿ ಬರುವ ಮೊದಲೇ ಟ್ಯಾಂಕ್ ಖಾಲಿ ಮಾಡಿ, ಪೈಪುಗಳಲ್ಲಿ ಸುಲಭಕ್ಕೆ ಹೆಪ್ಪುಗಟ್ಟದ, ಗುಲಾಬಿ ಬಣ್ಣದ ಆಂಟಿಫ್ರೀಜ಼್ ಹಾಯಿಸುತ್ತಾರೆ. 23 ಲೀಟರಿನ ಟ್ಯಾಂಕಿಗೂ ಅದನ್ನು ತುಂಬಿಸುವುದು ದಂಡ. ಹಾಗಾಗಿ ಟ್ಯಾಂಕಿನ ಎರಡು ಬಾಯಿಗಳ ವಾಲ್ವ್ ಮುಚ್ಚಿ, ಮಧ್ಯದ ಅಡ್ಡದಾರಿಯ ವಾಲ್ವ್ ತೆರೆಯುತ್ತಾರೆ. ಇದಕ್ಕೆ ಬೈಪಾಸ್ ಅನ್ನುತ್ತಾರೆ. ಆಗ ತಣ್ಣೀರು ಟ್ಯಾಂಕನ್ನು ಮುಟ್ಟದೆ ನೇರ ಬಿಸಿನೀರಿನ ಪೈಪಿಗೆ ಹೋಗುತ್ತದೆ. ವಸಂತದಲ್ಲಿ ಈ ವಾಲ್ವುಗಳನ್ನು ಮತ್ತೆ ತಿರುಗಿಸಬೇಕು. ನಾನು ಮರೆತಿದ್ದೆ. ನಲ್ಲಿಯ ನೀರು ನೋಡಿ ಟ್ಯಾಂಕ್ ತುಂಬಿದೆ ಅಂದುಕೊಂಡೆ.

ಬೈಪಾಸ್ ಅರ್ಧ ತೆರೆದಿದ್ದರೆ ಇನ್ನೊಂದು ತೊಂದರೆ. ಹೀಟರ್ ಸರಿ ಇದ್ದರೂ ತಣ್ಣೀರು ಬೆರೆತು ನೀರು ಬರೀ ಬೆಚ್ಚಗೆ ಬರುತ್ತದೆ. ಹೊರಗಿನ ಶವರ್ ಕೂಡ ಇದೇ ಕೆಲಸ ಮಾಡಬಲ್ಲದು. ಅದರ ಬಾಯಿ ಮಾತ್ರ ಮುಚ್ಚಿ, ಎರಡೂ ನಲ್ಲಿ ತೆರೆದೇ ಬಿಟ್ಟರೆ ತಣ್ಣೀರು ಅಲ್ಲಿಂದ ಬಿಸಿನೀರಿನ ಪೈಪಿಗೆ ದಾಟುತ್ತದೆ. ಕಾಯಿಲ್ ಬದಲಿಸುವ ಮೊದಲು ಇವೆರಡನ್ನೂ ನೋಡಿ, ಹಣ ಉಳಿಯುತ್ತದೆ.

ಟ್ಯಾಂಕ್ ತುಂಬಿದೆ ಎಂದು ಖಚಿತವಾದ ಮೇಲೆ ಗ್ಯಾಸೂ ಒಂದು ಒಳ್ಳೆಯ ಪರೀಕ್ಷೆ. ಗ್ಯಾಸಿನಲ್ಲಿ ನೀರು ಕಾದು, ಕರೆಂಟಿನಲ್ಲಿ ಕಾಯದಿದ್ದರೆ ತೊಂದರೆ ಕರೆಂಟಿನ ಭಾಗದಲ್ಲಿದೆ. ಎರಡರಲ್ಲೂ ಬರೀ ಬೆಚ್ಚಗಾದರೆ ಪೈಪುಗಳನ್ನು ಅನುಮಾನಿಸಿ.

ಕ್ಯಾಂಪ್‌ಗ್ರೌಂಡ್ ತುಂಬಿದ ದಿನ ವೋಲ್ಟೇಜ್ ಇಳಿಯುವುದೂ ಉಂಟು. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 120 ಇದ್ದದ್ದು 105ಕ್ಕೆ ಬಂದರೆ 1440 ವ್ಯಾಟ್ ಸುಮಾರು 1100 ಆಗುತ್ತದೆ. 50 ನಿಮಿಷದ ಕೆಲಸಕ್ಕೆ 65 ನಿಮಿಷ. ಇದು ಹೀಟರಿನ ದೋಷವಲ್ಲ. ಬ್ಯಾಟರಿಯಲ್ಲಿ ಯಾಕೆ ಓಡಿಸಬಾರದು ಎಂದು ಕೆಲವರು ಕೇಳುತ್ತಾರೆ. 12 ವೋಲ್ಟಿನ ಬ್ಯಾಟರಿಯಿಂದ 1440 ವ್ಯಾಟ್ ಎಳೆಯಲು 120 ಆಂಪಿಯರ್ ಬೇಕು. ಸಾಮಾನ್ಯ ಬ್ಯಾಟರಿ ಅಷ್ಟನ್ನು ಹೆಚ್ಚು ಹೊತ್ತು ಕೊಡಲಾರದು.

ಮಾರನೆಯ ದಿನ ಹೊಸ ಕಾಯಿಲ್ ತಂದೆ. ಹಾಕಿದ ಮೇಲೆ ಮೊದಲು ವಾಲ್ವುಗಳನ್ನು ತಿರುಗಿಸಿ, ಬಿಸಿನೀರಿನ ನಲ್ಲಿ ತೆರೆದು ಕಾದೆ. ಗಾಳಿ ಬುಸ್ ಬುಸ್ ಎನ್ನುತ್ತಾ ಹೊರಬಂತು. ಸ್ವಲ್ಪ ಹೊತ್ತಿಗೆ ನೀರು ಒಂದೇ ಸಮನೆ ಹರಿಯತೊಡಗಿತು. ಟ್ಯಾಂಕ್ ತುಂಬಿತು ಅಂತ ಅರ್ಥ. ಆಗ ಸ್ವಿಚ್ ಹಾಕಿದೆ. ಒಂದು ಗಂಟೆಯೊಳಗೆ ಮಗಳು ಬಿಸಿನೀರಿನ ಸ್ನಾನ ಮುಗಿಸಿ ಬಂದಳು.

ಈಗ ಅಕ್ಟೋಬರಿನಲ್ಲಿ ಟ್ಯಾಂಕ್ ಖಾಲಿ ಮಾಡಿದ ತಕ್ಷಣ ಹೀಟರಿನ ಸ್ವಿಚ್ ಮೇಲೆ ಅಗಲವಾದ ಟೇಪ್ ಅಂಟಿಸುತ್ತೇನೆ. ಅದರ ಮೇಲೆ ‘ಮೊದಲು ನೀರು’ ಎಂದು ಬರೆದಿರುತ್ತದೆ.