ಕುಂಡಲಿನಿ ಯೋಗ ಶುರು ಮಾಡಿದ್ಮೇಲೆ ತಲೆ ಸುತ್ತು ಬರ್ತಿದ್ಯಾ? ಮೊದಲು ಉಸಿರು ನೋಡ್ಕೊಳ್ಳಿ

ಕುಂಡಲಿನಿ ಯೋಗ ಕಲಿಯೋಕೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ತಲೆ ಸುತ್ತು ಬಂದ್ರೆ ಅದು ಬೆನ್ನುಮೂಳೆ ಬುಡದಲ್ಲಿ ಮಲಗಿದೆ ಅನ್ನೋ ಕುಂಡಲಿನಿ ಶಕ್ತಿ ಏಳ್ತಿರೋ ಲಕ್ಷಣ ಅಂತ ತಿಳ್ಕೊಂಡು ತಡ್ಕೊಳ್ಳೋಕೆ ಹೋಗ್ಬೇಡಿ, ತಕ್ಷಣ ನಿಲ್ಲಿಸಿ. ಇಷ್ಟು ನೇರವಾಗಿ ಯಾಕೆ ಶುರು ಮಾಡ್ತಿದೀನಿ ಅಂದ್ರೆ, ಮೈಸೂರಲ್ಲಿ ನನ್ನ ಕ್ಲಿನಿಕ್ಕಿಗೆ ಈ ತೊಂದ್ರೆ ಇಟ್ಕೊಂಡು ಬರೋರಲ್ಲಿ ಸುಮಾರು ಜನ ತಾವಾಗೇ ಬಂದಿರಲ್ಲ, ಬಾತ್‌ರೂಮಲ್ಲೋ ಮೆಟ್ಟಿಲ ಹತ್ರಾನೋ ಬಿದ್ದ ಮೇಲೆ ಮಗಳೋ ಸೊಸೆನೋ ಕರ್ಕೊಂಡು ಬಂದಿರ್ತಾರೆ. ಕೇಳಿದ್ರೆ 'ಏನಿಲ್ಲ ಡಾಕ್ಟ್ರೇ, ಸ್ವಲ್ಪ ಪಿತ್ತ ಅಷ್ಟೇ' ಅಂತಾರೆ, ಇನ್ನೂ ಸ್ವಲ್ಪ ಕೆದಕಿದ್ರೆ ಗ್ರೂಪಲ್ಲಿ ಯಾರೋ 'ಮೂಲಾಧಾರ (ಆ ಶಕ್ತಿ ಇರೋ ಚಕ್ರ) ಓಪನ್ ಆಗ್ತಿದೆ, ಬಿಡಬೇಡಿ' ಅಂತ ಮೆಸೇಜ್ ಹಾಕಿರೋದು ಹೊರಗೆ ಬರತ್ತೆ. ಅಲ್ಲಿವರೆಗೂ ದಿನಾ ಬೆಳಗ್ಗೆ ಕಣ್ಣು ಕತ್ತಲೆ ಬಂದ್ರೂ ಬಿಡದೆ ಮಾಡ್ಕೊಂಡು ಬಂದಿರ್ತಾರೆ ಅನ್ನೋದು ಕೇಳಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ.

ನಾನೂ ಪ್ರಾಣಾಯಾಮ ಮಾಡೋನೇ, ಅದರಿಂದ ಸಿಗೋ ನೆಮ್ಮದಿ ಗೊತ್ತಿರೋನು. ಕುಂಡಲಿನಿ ಅನ್ನೋ ಕಲ್ಪನೆ ನಮ್ಮ ತಂತ್ರ, ಹಠಯೋಗ ಪರಂಪರೆಯಲ್ಲಿ ನೂರಾರು ವರ್ಷದಿಂದ ಇದೆ. ಆದ್ರೆ ಈಗ ಆನ್‌ಲೈನ್ ಕ್ಲಾಸುಗಳಲ್ಲಿ 'ಕುಂಡಲಿನಿ ಯೋಗ' ಅಂತ ಹೇಳಿಕೊಡೋದು ಬಹುಮಟ್ಟಿಗೆ ಯೋಗಿ ಭಜನ್ ಅನ್ನೋ ಯೋಗಗುರು 1968ರ ನಂತರ ಅಮೆರಿಕದಲ್ಲಿ ಕಲಿಸಿದ ಪದ್ಧತಿ, ಅದು ಅಲ್ಲಿಂದ ಜಗತ್ತೆಲ್ಲ ಸುತ್ತಿ ಈಗ ನಮ್ಮ ಫೋನಿಗೂ ಬಂದಿದೆ. ಅದರಲ್ಲಿ ಬ್ರೆತ್ ಆಫ್ ಫೈರ್ ಅಂತ ಒಂದಿದೆ, ಮೂಗಲ್ಲೇ ಸೆಕೆಂಡಿಗೆ ಎರಡು ಮೂರು ಸಲ ಉಸಿರಾಡೋದು, ಒಳಗೆ ಹೊರಗೆ ಎರಡೂ ಸಮ, ಹೊಕ್ಕಳ ಭಾಗ ಮಾತ್ರ ಆಡ್ತಿರಬೇಕು. ಜೊತೆಗೆ ಕೈ ಎರಡೂ ಮೇಲಕ್ಕೆ ಚಾಚಿ ನಿಮಿಷಗಟ್ಟಲೆ ಹಿಡ್ಕೊಳ್ಳೋದು, ಕಣ್ಣು ಮುಚ್ಚಿ ನೋಟ ಹುಬ್ಬಿನ ಮಧ್ಯಕ್ಕೆ ಏರಿಸೋದು, ಕೊನೆಗೆ ಉಸಿರು ಕಟ್ಟಿ ಮೂಲಬಂಧ ಹಾಕೋದು, ಅಂದ್ರೆ ಗುದದ ಸುತ್ತಲ ಸ್ನಾಯು ಬಿಗಿ ಹಿಡಿಯೋದು. 3 ನಿಮಿಷ, 11 ನಿಮಿಷ, 31 ನಿಮಿಷ ಅಂತ ಲೆಕ್ಕ. ಎಲ್ಲಾನೂ ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ. ಹೊಸಬರಿಗೆ ತಲೆ ಸುತ್ತು ಬರೋಕೆ ಬೇಕಾದ ಐದಾರು ಕಾರಣ ಒಂದೇ ಚಾಪೆ ಮೇಲೆ ಸೇರ್ಕೊಂಡಿರತ್ತೆ.

ಅದರಲ್ಲಿ ಮುಖ್ಯವಾದದ್ದು ಉಸಿರು. ಜೋರಾಗಿ ಉಸಿರಾಡಿದ್ರೆ ಆಕ್ಸಿಜನ್ ಜಾಸ್ತಿ ಸಿಗತ್ತೆ, ಮೆದುಳಿಗೆ ಒಳ್ಳೇದು ಅಂತ ಎಲ್ಲರೂ ನಂಬಿರೋದು. ನನ್ನ ಹತ್ರ ಬಂದವರಿಗೆ ಬೆರಳಿಗೆ ಆಕ್ಸಿಮೀಟರ್ ಹಾಕಿ, ಕುರ್ಚಿ ಮೇಲೆ ಒರಗಿ ಕೂರಿಸಿ, 'ಮನೇಲಿ ಹೇಗೆ ಮಾಡ್ತೀರೋ ಹಾಗೇ ಒಂದ್ಸಲ ಮಾಡಿ ತೋರಿಸಿ' ಅಂತೀನಿ, ಬಿಪಿ ಮತ್ತೆ ಇಸಿಜಿ ನೋಡಿದ ಮೇಲೇನೇ ಇದು. ಶುರುಗೆ ಮುಂಚೆ ರಕ್ತದ ಆಕ್ಸಿಜನ್ ಶೇ. 98 ಇರತ್ತೆ. ಅರ್ಧ ನಿಮಿಷದಲ್ಲಿ ಭುಜ ಎರಡೂ ಕಿವಿ ಕಡೆ ಏರೋಕೆ ಶುರು, ಬಾಯಿ ತೆರ್ಕೊಳ್ಳತ್ತೆ, ಎದೆ ಇಡೀ ಉಬ್ಬಿ ಇಳೀತಿರತ್ತೆ. ಇನ್ನು ಸ್ವಲ್ಪ ಹೊತ್ತಿಗೆ 'ತುಟಿ ಸುತ್ತ ಜುಮ್ ಅಂತಿದೆ, ಬೆರಳ ತುದಿ ಮರಗಟ್ಟಿದ ಹಾಗಿದೆ, ಆ ಬಂತು, ತಲೆ ತೇಲಿದ ಹಾಗಾಗ್ತಿದೆ' ಅಂತಾರೆ. ಆಗ ಆಕ್ಸಿಮೀಟರ್ ತೋರಿಸ್ತೀನಿ, 99 ಇರತ್ತೆ. ಆಕ್ಸಿಜನ್ ಕಮ್ಮಿ ಆಗೇ ಇಲ್ಲ, ಆದ್ರೂ ತಲೆ ಸುತ್ತಿದೆ.

ಇಲ್ಲಿ ಕಮ್ಮಿ ಆಗಿರೋದು ಕಾರ್ಬನ್ ಡೈಆಕ್ಸೈಡ್. ಅದನ್ನ ಬರೀ ಕಸ ಅಂತ ಸ್ಕೂಲಲ್ಲಿ ಕಲಿತಿರ್ತೀವಿ, ಆದ್ರೆ ಮೆದುಳಿನ ರಕ್ತನಾಳ ಎಷ್ಟು ಅಗಲ ಇರಬೇಕು ಅಂತ ನಿರ್ಧರಿಸೋದ್ರಲ್ಲಿ ಅದರದ್ದು ದೊಡ್ಡ ಪಾತ್ರ. ಅಪಧಮನಿ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿ.ಮೀ. (ಬಿಪಿ ಥರಾನೇ ಪಾದರಸದ ಲೆಕ್ಕ) ಇರತ್ತೆ, ಒಂದೊಂದು ಮಿ.ಮೀ. ಇಳಿದಾಗಲೂ ಮೆದುಳಿಗೆ ಹೋಗೋ ರಕ್ತ ಸುಮಾರು ಶೇ. 3ರಷ್ಟು ಕಮ್ಮಿ ಆಗತ್ತೆ. ದೀರ್ಘವಾಗಿ, ಜೋರಾಗಿ, ಬೇಗ ಬೇಗ ಉಸಿರು ಬಿಟ್ರೆ ಕೆಲವೇ ನಿಮಿಷದಲ್ಲಿ ಅದು 20ರ ಆಸುಪಾಸಿಗೆ ಬರಬಹುದು, ಅಂದ್ರೆ ಮೆದುಳಿನ ರಕ್ತ ಹರಿವು ಹತ್ತಿರ ಹತ್ತಿರ ಅರ್ಧಕ್ಕೆ. ಅದೇ ಹೊತ್ತಿಗೆ ರಕ್ತ ಸ್ವಲ್ಪ ಕ್ಷಾರೀಯ ಆಗತ್ತೆ, ನರಗಳಿಗೆ ಬೇಕಾದ ಬಿಡಿ ಕ್ಯಾಲ್ಸಿಯಂ ಇಳಿಯತ್ತೆ, ಜುಮ್ಮು, ಬೆರಳು ಸೆಟೆದುಕೊಳ್ಳೋದು ಅದರಿಂದ. ಈ ಜುಮ್ಮನ್ನೇ ಎಷ್ಟೋ ಜನ 'ಎನರ್ಜಿ ಹರೀತಿದೆ' ಅಂತ ಹೇಳೋದು. ಧ್ಯಾನದ ಅನುಭವ ಏನು ಎತ್ತ ಅಂತ ತೀರ್ಪು ಕೊಡೋ ಅಧಿಕಾರ ನನಗಿಲ್ಲ, ಆದ್ರೆ ತುಟಿ ಸುತ್ತ ಜುಮ್ಮು, ಬೆರಳು ಮರಗಟ್ಟೋದು, ತಲೆ ತೇಲೋದು ಮೂರೂ ಒಟ್ಟಿಗೆ ಬಂದು, ಸುಮ್ಮನೆ ಕೂತು ಮಾಮೂಲಿ ಉಸಿರಾಡಿದ್ರೆ ಐದು ನಿಮಿಷದೊಳಗೆ ಹೋಗತ್ತೆ ಅಂದ್ರೆ ಅದು ಇದೇ.

ಹಾಗಾದ್ರೆ ವರ್ಷಗಟ್ಟಲೆ ಬ್ರೆತ್ ಆಫ್ ಫೈರ್ ಮಾಡ್ತಿರೋರಿಗೆ ಯಾಕೆ ತಲೆ ಸುತ್ತಲ್ಲ? ಅವರ ಉಸಿರು ಚಿಕ್ಕದು. ನಮ್ಮ ಮೂಗಿಂದ ಶ್ವಾಸಕೋಶದ ಕೊನೆವರೆಗಿನ ನಾಳದಲ್ಲಿ ಸುಮಾರು 150 ಮಿ.ಲೀ. ಗಾಳಿ ಬರೀ ಓಡಾಡ್ಕೊಂಡಿರತ್ತೆ, ರಕ್ತದ ಜೊತೆ ಅದರ ವಿನಿಮಯ ಆಗಲ್ಲ. ಸರಿಯಾಗಿ ಮಾಡೋರ ಒಂದೊಂದು ಉಸಿರೂ ಹೆಚ್ಚು ಕಮ್ಮಿ ಅಷ್ಟೇ ಇರತ್ತೆ, ಎಷ್ಟು ಬೇಗ ಮಾಡಿದ್ರೂ ಕಾರ್ಬನ್ ಡೈಆಕ್ಸೈಡ್ ಅಷ್ಟೇನೂ ಹೊರಗೆ ಹೋಗಲ್ಲ. ಹೊಸಬರು ಒಂದೊಂದು ಸಲಕ್ಕೂ ಅರ್ಧ ಲೀಟರ್ ಎಳೀತಾರೆ, ನಿಮಿಷಕ್ಕೆ 60 ಸಲ ಅಂದ್ಕೊಂಡ್ರೂ 30 ಲೀಟರ್ ಆಯ್ತು, ಸುಮ್ಮನೆ ಕೂತಾಗ ನಮಗೆ ಬೇಕಾಗಿರೋದು ಆರೇಳು ಲೀಟರ್. ಟೀಚರ್ 'ಇನ್ನೂ ಜೋರಾಗಿ, ಇನ್ನೂ ಜೋರಾಗಿ' ಅಂತ ಹುರಿದುಂಬಿಸಿದ್ರೆ ಕೇಳೋದೇ ಬೇಡ. ಮೂಗಿನ ಕೆಳಗೆ ಬೆರಳು ಇಟ್ಟು ನೋಡಿ, ಗಾಳಿ ಚುರುಕಾಗಿ ತಾಗಬೇಕು, ರಭಸ ಇರಬಾರದು, ಭುಜ ಒಂದಿಂಚೂ ಅಲ್ಲಾಡಬಾರದು. ಅಲ್ಲಾಡಿದ್ರೆ ನೀವು ಆ ವೇಗಕ್ಕೆ ಇನ್ನೂ ತಯಾರಿಲ್ಲ, ವೇಗ ಇಳಿಸಿ.

ತಲೆ ಸುತ್ತು ಶುರುವಾದ ಕೂಡ್ಲೆ ಏನ್ ಮಾಡಬೇಕು ಅನ್ನೋದ್ರಲ್ಲಿ ಒಂದು ತಪ್ಪು ಎಲ್ಲ ಕಡೆ ನಡೀತಿದೆ. ಪಕ್ಕದಲ್ಲಿರೋರು ಓಡಿ ಬಂದು 'ಡೀಪ್ ಬ್ರೆತ್ ತಗೊಳ್ಳಿ, ಡೀಪ್ ಬ್ರೆತ್' ಅಂತಾರೆ. ದಯವಿಟ್ಟು ಬೇಡ. ಉಸಿರು ಜಾಸ್ತಿ ಆಗಿದ್ದಕ್ಕೇ ತಾನೇ ಸುತ್ತು ಬಂದಿರೋದು, ಅದಕ್ಕೆ ಇನ್ನಷ್ಟು ದೀರ್ಘ ಉಸಿರು ಸೇರಿಸಿದ್ರೆ ಜಾಸ್ತಿ ಆಗತ್ತೆ. ಬಾಯಿ ಮುಚ್ಚಿ, ಮೂಗಲ್ಲಿ ಸಣ್ಣಗೆ, ಪಕ್ಕದವರಿಗೂ ಕೇಳಿಸದ ಹಾಗೆ ಉಸಿರಾಡಿ. ಕಣ್ಣು ಬಿಡಿ, ಎದುರಿಗಿರೋ ಗೋಡೆ ಮೇಲೆ ಒಂದು ಜಾಗ ಹಿಡಿದು ನೋಡ್ತಾ ಇರಿ. ಅಂಗೈ ಎರಡೂ ನೆಲಕ್ಕೆ ಊರಿ, ಸಾಲದು ಅನ್ನಿಸಿದ್ರೆ ಮಲಗಿ ಕಾಲು ದಿಂಬಿನ ಮೇಲೆ ಇಡಿ. ಎದ್ದು ನೀರು ಕುಡಿಯೋಕೆ ಅಡುಗೆಮನೆಗೆ ಹೋಗ್ಬೇಡಿ, ಬೀಳೋರು ಬೀಳೋದು ಆ ದಾರಿಯಲ್ಲೇ. ಪೇಪರ್ ಕವರ್ ಒಳಗೆ ಉಸಿರಾಡೋ ಹಳೇ ಉಪಾಯಾನೂ ಬೇಡ, ತೊಂದ್ರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ರೆ ಅದು ಅಪಾಯ.

ಉಸಿರು ಕಟ್ಟೋ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಕಟುವಾಗೇ ಹೇಳ್ತೀನಿ. ಜೋರಾಗಿ ಉಸಿರಾಡಿದ ಬೆನ್ನಿಗೇ ಉಸಿರು ಕಟ್ಟಿದ್ರೆ ತುಂಬಾ ಹೊತ್ತು ಹಿಡಿಯೋಕೆ ಆಗತ್ತೆ, ಸಾಧನೆ ಅನ್ನಿಸತ್ತೆ. ಉಸಿರು ಬೇಕು ಅಂತ ಮೆದುಳು ಒದ್ದಾಡೋದು ಕಾರ್ಬನ್ ಡೈಆಕ್ಸೈಡ್ ಏರಿದಾಗ, ಅದನ್ನ ಮೊದಲೇ ಖಾಲಿ ಮಾಡಿರೋದ್ರಿಂದ ಸೂಚನೆ ತಡವಾಗಿ ಬರತ್ತೆ, ಅಷ್ಟರಲ್ಲಿ ಆಕ್ಸಿಜನ್ ಇಳಿದು ಪ್ರಜ್ಞೆ ತಪ್ಪಬಹುದು. ಈಜೋರು ನೀರೊಳಗೆ ಹೀಗೇ ಜೀವ ಕಳ್ಕೊಂಡಿರೋದುಂಟು. ಅದರ ಮೇಲೆ ಬಂಧ ಹಾಕಿ ತಿಣುಕಿದ್ರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿ ಆಗತ್ತೆ, ಬಿಪಿ ಒಮ್ಮೆ ಇಳಿಯತ್ತೆ. ಹಾಗಾಗಿ ಮೊದಲ ಎರಡು ಮೂರು ತಿಂಗಳು ಕುಂಭಕ, ಅಂದ್ರೆ ಉಸಿರು ಕಟ್ಟೋದು, ಬೇಡವೇ ಬೇಡ. ಬಾತ್‌ಟಬ್, ಸ್ವಿಮ್ಮಿಂಗ್ ಪೂಲ್, ಗಾಡಿ ಓಡಿಸ್ತಾ ಸಿಗ್ನಲಲ್ಲಿ ನಿಂತಾಗ, ಇಲ್ಲೆಲ್ಲ ಯಾವ ವೇಗದ ಪ್ರಾಣಾಯಾಮಾನೂ ಮಾಡಬಾರದು, ಯಾವತ್ತೂ.

ಉಸಿರಿಗೆ ಸಂಬಂಧ ಇಲ್ಲದ ಸುತ್ತೂ ಇದೆ, ಅದಕ್ಕೇ 'ಯಾವಾಗ ಬರತ್ತೆ' ಅಂತ ಬಿಡಿಸಿ ಬಿಡಿಸಿ ಕೇಳೋದು. ಅಭ್ಯಾಸ ಎಲ್ಲ ಮುಗಿಸಿ ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದ್ರೆ ಬಿಪಿ ನೋಡಬೇಕು, ಕೂತಾಗ ಒಂದ್ಸಲ, ನಿಂತು ಮೂರು ನಿಮಿಷದೊಳಗೆ ಇನ್ನೊಂದ್ಸಲ, ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ರೆ ಕಾರಣ ಸಿಕ್ಕ ಹಾಗೆ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಜಾಸ್ತಿ ಮಾಡೋ ಮಾತ್ರೆ, ಪ್ರಾಸ್ಟೇಟಿಗೆ ಕೊಡೋ ಟ್ಯಾಮ್ಸುಲೋಸಿನ್ ತಗೊಳ್ಳೋರಲ್ಲಿ ಇದು ಸಾಮಾನ್ಯ. ಯೋಗ ಶುರು ಮಾಡಿದೀನಿ ಅಂತ ಮಾತ್ರೆ ನಿಲ್ಲಿಸಬೇಡಿ, ಡೋಸು, ಹೊತ್ತು ಬದಲಾಯಿಸೋಕೆ ಡಾಕ್ಟರ್ ಹತ್ರ ಮಾತಾಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಇರೋರು ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಮಾಡೋ ಮುಂಚೆ ಗ್ಲುಕೋಮೀಟರಲ್ಲಿ ನೋಡ್ಕೊಳ್ಳಿ, 70ಕ್ಕಿಂತ ಕಮ್ಮಿ ಇದ್ರೆ ಅವತ್ತು ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಹಾಕ್ಕೊಂಡು ಕುಡಿಯೋದು, ಯೋಗ ಆಮೇಲೆ. ಮೈ ಬೆವರಿ ಕೈ ನಡುಗಿ ಬರೋ ಸುತ್ತು ಅದೇ.

ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಟೆಸ್ಟ್ ಬರೆದೇ ಬರೀತೀನಿ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದು, ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿದ್ರೂ ಮನೆಕೆಲಸದ ಸುಸ್ತು ಅಂತ ಸುಮ್ನಿರ್ತಾರೆ, ರಿಪೋರ್ಟ್ ನೋಡಿದ್ರೆ 12 ಇರಬೇಕಾದ್ದು 8 ಇರತ್ತೆ. ಅವರಿಗೆ ಮೊದಲು ಬೇಕಾಗಿರೋದು ಕಬ್ಬಿಣಾಂಶ. ಗರ್ಭಿಣಿಯರಿಗೆ ಬ್ರೆತ್ ಆಫ್ ಫೈರ್, ಭಸ್ತ್ರಿಕಾ, ಕಪಾಲಭಾತಿ ಥರದ ರಭಸದ ಪ್ರಾಣಾಯಾಮ ಯಾವುದೂ ಬೇಡ. ಹತೋಟಿಗೆ ಬರದ ಬಿಪಿ, ಹೃದಯದ ತೊಂದರೆ, ಫಿಟ್ಸ್, ಗ್ಲಾಕೋಮಾ, ಹರ್ನಿಯಾ ಇರೋರಿಗೂ ಬೇಡ.

ಕತ್ತು ಹಿಂದಕ್ಕೆ ಬಾಗಿಸಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ರೂಮೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತುಹೋದ್ರೆ ಅದು ಕಿವಿಯೊಳಗಿನದ್ದು. ಸಮತೋಲನದ ಭಾಗದಲ್ಲಿರೋ ಸಣ್ಣ ಹರಳು ಜಾಗ ಬಿಟ್ಟು ಅರೆವೃತ್ತಾಕಾರದ ನಾಳಕ್ಕೆ ಹೋಗಿರತ್ತೆ, ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸೋ ಎಪ್ಲಿ ವಿಧಾನದಿಂದ ಇಎನ್‌ಟಿ ಡಾಕ್ಟರು ಎಷ್ಟೋ ಸಲ ಒಂದೇ ಭೇಟಿಯಲ್ಲಿ ಸರಿ ಮಾಡ್ತಾರೆ. ಅಲ್ಲಿವರೆಗೂ ಕತ್ತು ಸುತ್ತಿಸೋ ವ್ಯಾಯಾಮ ಬಿಡಿ.

ಮಾತು ತೊದಲೋದು, ಮುಖ ಒಂದು ಕಡೆ ಸೊಟ್ಟ ಆಗೋದು, ಒಂದು ಕೈ ಕಾಲು ಸೋಲೋದು, ಎರಡೆರಡು ಕಾಣೋದು, ಹಿಂದೆಂದೂ ಬರದಂಥ ತಲೆನೋವು ಅಥವಾ ಕತ್ತು ನೋವು, ಎದೆನೋವು, ಪ್ರಜ್ಞೆ ತಪ್ಪೋದು, ಇದರಲ್ಲಿ ಒಂದಿದ್ರೂ ಕಾಯಬೇಡಿ, ಮಲಗಿದ್ರೆ ಸರಿ ಹೋಗತ್ತೆ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಹೇಗೆ ಶುರು ಮಾಡಬೇಕು ಅಂತ. ಹಠಯೋಗ ಪ್ರದೀಪಿಕೆ ಅನ್ನೋ ಹಳೇ ಗ್ರಂಥದ ಎರಡನೇ ಅಧ್ಯಾಯದಲ್ಲೇ ಹೇಳಿದಾರೆ, ಸಿಂಹ, ಆನೆ, ಹುಲಿನ ಮೆಲ್ಲಮೆಲ್ಲಗೆ ಪಳಗಿಸೋ ಹಾಗೆ ಪ್ರಾಣವನ್ನ ಪಳಗಿಸಬೇಕು, ಇಲ್ಲಾಂದ್ರೆ ಅದು ಸಾಧಕನನ್ನೇ ಕೊಲ್ಲತ್ತೆ ಅಂತ. 11 ನಿಮಿಷದ ಕ್ರಿಯೆಯನ್ನ ಮೊದಲ ದಿನವೇ ಮಾಡಿಸೋರು ಈ ಮಾತನ್ನ ಓದಬೇಕು. ನಾನು ಹೇಳೋದು, ಮೊದಲ ಮೂರು ನಾಲ್ಕು ವಾರ ಉಸಿರು ಕಟ್ಟದೆ ನಾಡಿಶೋಧನ (ಮೂಗಿನ ಒಂದೊಂದೇ ಹೊಳ್ಳೆ ಬದಲಿಸ್ತಾ ನಿಧಾನಕ್ಕೆ ಉಸಿರಾಡೋದು), ಅದು ಹಾಯಾಗಿ ಬಂದ ಮೇಲೆ ಬ್ರೆತ್ ಆಫ್ ಫೈರ್ 15 ಸೆಕೆಂಡ್, ಆಮೇಲೆ ಒಂದು ನಿಮಿಷ ಪೂರ್ತಿ ಮಾಮೂಲಿ ಉಸಿರು, ಹೀಗೆ ಮೂರು ಸಲ ಸಾಕು. ಗೋಡೆಗೆ ಒರಗಿ ಕೂತ್ಕೊಳ್ಳಿ, ಕಣ್ಣು ಅರ್ಧ ತೆರೆದಿರಲಿ, ಕೈ ತೊಡೆ ಮೇಲಿರಲಿ. ಒಂದು ವಾರ ಪೂರ್ತಿ ಸುತ್ತು ಬರದೇ ಇದ್ರೆ ಮಾತ್ರ ಐದೋ ಹತ್ತೋ ಸೆಕೆಂಡ್ ಸೇರಿಸಿ, ಬಂದ್ರೆ ಹಿಂದಿನ ಹಂತಕ್ಕೆ ವಾಪಸ್. ಮುಗಿದ ಮೇಲೆ ಕಾಲು ಚಾಚಿ, ಪಾದ ಆಡಿಸಿ, ಎರಡು ನಿಮಿಷ ಬಿಟ್ಟು ಗೋಡೆ ಹಿಡ್ಕೊಂಡು ಏಳಿ.

ಒಂದು ವಿಷಯ ಮನೆಯವರಿಗೆ. ದಿನಗಟ್ಟಲೆ ನಿದ್ದೆ ಬರದೇ ಇದ್ದೂ ಸುಸ್ತೇ ಆಗದ ಹಾಗಿರೋದು, ಮಾತು ಓಡೋದು, ಧ್ವನಿ ಕೇಳಿಸ್ತಿದೆ ಅನ್ನೋದು, ತನ್ನ ದೇಹ ತನ್ನದಲ್ಲ ಅನ್ನಿಸೋದು, ಇವು ತಲೆ ಸುತ್ತಿನ ಜೊತೆ ಕಂಡ್ರೆ ಅಭ್ಯಾಸ ಪೂರ್ತಿ ನಿಲ್ಲಿಸಿ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಮುಂಚೆ ಬೈಪೋಲಾರ್ ತೊಂದರೆಯೋ ಪ್ಯಾನಿಕ್ ಅಟ್ಯಾಕೋ ಆಗಿದ್ದವರು ಕ್ಲಾಸಿಗೆ ಸೇರೋ ಮುಂಚೆನೇ ಟೀಚರಿಗೆ ಹೇಳಿರಬೇಕು. ಟೀಚರು ಫೀಸು ತಗೊಳ್ಳೋ ಮುಂಚೆ ನಿಮ್ಮ ಮಾತ್ರೆ ಪಟ್ಟಿ, ಹಳೇ ಕಾಯಿಲೆ ಕೇಳದೇ ಇದ್ರೆ ಅಲ್ಲಿ ಸೇರಬೇಡಿ, ಕ್ಯಾಮೆರಾ ಆಫ್ ಮಾಡ್ಕೊಂಡು ನೂರು ಜನ ಒಟ್ಟಿಗೆ ಮಾಡೋ ಕ್ಲಾಸಲ್ಲಿ ನಿಮ್ಮ ಭುಜ ಏರ್ತಿದ್ಯಾ ಇಲ್ವಾ ಅಂತ ಯಾರೂ ನೋಡಲ್ಲ.