ಗೆರೆ ಇಲ್ಲದ ಹಾಳೇಲಿ ಸಾಲು ಬೆಟ್ಟ ಹತ್ತೋದ್ಯಾಕೆ?

ಇಂಜಿನಿಯರಿಂಗ್ ಓದುವಾಗ ಅಸೈನ್‌ಮೆಂಟ್ ಎಲ್ಲಾ ಎ4 ಬಿಳಿ ಶೀಟಲ್ಲೇ ಬರೀಬೇಕಿತ್ತು, ನನ್ನ ಶೀಟ್ ನೋಡಿ ಲೆಕ್ಚರರ್ ಒಬ್ರು "ಏನಪ್ಪಾ, ನಿನ್ನ ಸಾಲೆಲ್ಲಾ ಚಾಮುಂಡಿ ಬೆಟ್ಟ ಹತ್ತೋಕೆ ಹೊರಟಿವೆ" ಅಂದಿದ್ರು. ಎರಡು ಗೆರೆ ಕಾಪಿ ಪುಸ್ತಕ ತುಂಬಿಸಿ ತುಂಬಿಸಿ ಅಕ್ಷರ ಏನೋ ದುಂಡಗೇ ಇತ್ತು, ಆದ್ರೆ ಗೆರೆ ಇಲ್ಲ ಅಂದ ತಕ್ಷಣ ಸಾಲು ಎಡಗಡೆ ನೆಟ್ಟಗೆ ಶುರುವಾಗಿ ಬಲಕ್ಕೆ ಹೋಗ್ತಾ ಹೋಗ್ತಾ ಮೇಲಕ್ಕೇರೋದು. ನನ್ನ ಕೈಯೇ ಸರಿ ಇಲ್ಲ ಅನ್ಕೊಂಡಿದ್ದೆ. ಕೈ ಸರಿಯಾಗೇ ಇದೆ, ಅದು ಕೈವಾರ ಮಾಡೋ ಕೆಲಸ ಮಾಡ್ತಿದೆ ಅಷ್ಟೇ.

ಮೊಣಕೈನ ಟೇಬಲ್ ಮೇಲೆ ಊರಿದ್ರೆ ಅದೇ ಕೈವಾರದ ಮುಳ್ಳು, ಪೆನ್ನಿನ ತುದಿ ಪೆನ್ಸಿಲ್ಲು. ಇವೆರಡರ ಮಧ್ಯ ಅಳೆದ್ರೆ ನಂಗೆ ಹತ್ತಿರ ಹತ್ತಿರ 40 ಸೆಂಟಿಮೀಟರ್ ಬರುತ್ತೆ. ಎ4 ಹಾಳೆ ಅಗಲ 21 ಸೆಂ.ಮೀ., ಮಾರ್ಜಿನ್ ಕಳೆದ್ರೆ ಸಾಲು 17 ಸೆಂ.ಮೀ. ಹಾಳೆ ನೆಟ್ಟಗಿದ್ದು, ಮೊಣಕೈ ಸಾಲಿನ ಬಲ ತುದಿಯ ನೇರಕ್ಕೆ ಕೆಳಗೆ ಅಲ್ಲಾಡದೇ ಕೂತಿದ್ರೆ, ಪೆನ್ನು ಎಡದಿಂದ ಬಲಕ್ಕೆ ಬರೋ ಅಷ್ಟರಲ್ಲಿ ಲೆಕ್ಕದ ಪ್ರಕಾರ 3.8 ಸೆಂ.ಮೀ. ಮೇಲೆ ಹೋಗಿರಬೇಕು! ನಿಜವಾಗ್ಲೂ ಅಷ್ಟು ಹೋಗಲ್ಲ, ಬೆರಳು ಮಣಿಕಟ್ಟು ಭುಜ ಎಲ್ಲಾ ಸೇರ್ಕೊಂಡು ನಮಗೇ ಗೊತ್ತಾಗದ ಹಾಗೆ ಸರಿ ಮಾಡ್ತಾ ಇರ್ತವೆ, ಸರಿ ಹೋಗದೇ ಉಳಿದಿದ್ದು ಚಾಮುಂಡಿ ಬೆಟ್ಟ.

ಈಗ ಹಾಳೆಯ ಮೇಲಿನ ಅಂಚನ್ನ ಸ್ವಲ್ಪ ಎಡಕ್ಕೆ ವಾಲಿಸಿ, ಪೆನ್ನು ಸಾಲಿನ ಮಧ್ಯಕ್ಕೆ ಬಂದಾಗ ಮುಂಗೈ ಸಾಲಿಗೆ ಲಂಬವಾಗಿರ್ಬೇಕು, ಅಷ್ಟು. ಕೈ ಅದೇ, ಕಮಾನೂ ಅದೇ, ಆದ್ರೆ ಎರಡೂ ತುದಿ ಒಂದೇ ಮಟ್ಟಕ್ಕೆ ಬಂದು ಮಧ್ಯದಲ್ಲಿ ಬರೀ 9 ಮಿಲಿಮೀಟರ್ ಉಬ್ಬು ಉಳಿಯುತ್ತೆ. ಅರ್ಧ ಸಾಲು ಆದ್ಮೇಲೆ ಮೊಣಕೈನ ಒಂದ್ಸಲ ಬಲಕ್ಕೆ ಸರಿಸಿದ್ರೆ ಅದೂ 2 ಮಿ.ಮೀ. ಚಿಲ್ಲರೆಗೆ ಇಳಿಯುತ್ತೆ. ಎಡಗೈಯವರಿಗೆ ಎಲ್ಲಾ ಉಲ್ಟಾ, ಅವರ ಸಾಲು ಇಳಿಯೋ ಕಡೆಗೆ ಎಳೆಯುತ್ತೆ, ಹಾಳೆ ಬಲಕ್ಕೆ ವಾಲಿಸ್ಕೋಬೇಕು. ಸ್ಕೂಲಲ್ಲಿ "ಪುಸ್ತಕ ನೆಟ್ಟಗಿಟ್ಕೊಂಡು ಬರಿ" ಅಂತ ಗದರಿಸ್ತಿದ್ರಲ್ಲ, ನನ್ನ ಪ್ರಕಾರ ಅದು ತಪ್ಪು ಸಲಹೆ.

ಇನ್ನು ಕಣ್ಣು. ಕಣ್ಣು ಮುಚ್ಕೊಂಡು ಒಂದು ಉದ್ದ ವಾಕ್ಯ ಬರೆದು ನೋಡಿ, ಮಜಾ ಇದೆ: ಅಕ್ಷರದ ಆಕಾರ ಬಹುಪಾಲು ನಿಮ್ಮದೇ ಥರ ಬರುತ್ತೆ, ಆದ್ರೆ ಸಾಲು ಎಲ್ಲೆಲ್ಲೋ ಅಲೆಯುತ್ತೆ, ಒತ್ತಕ್ಷರ ಪಕ್ಕದ ಮನೆಗೆ ಹೋಗಿರುತ್ತೆ. ಅಂದ್ರೆ ಆಕಾರ ಕೈಗೆ ಬಾಯಿಪಾಠ, ಆದ್ರೆ ಎಲ್ಲಿ ಕೂರಿಸ್ಬೇಕು ಅನ್ನೋದನ್ನ ಕಣ್ಣು ಹೇಳ್ಕೊಡ್ಬೇಕು. ಕಣ್ಣು ತೆರೆದಿದ್ರೂ ಒಂದು ತೊಂದರೆ ಇದೆ, ಚೆನ್ನಾಗಿ ಸ್ಪಷ್ಟವಾಗಿ ಕಾಣೋ ಭಾಗ ನೋಟದ ನಡುವಿನ ಸುಮಾರು 2 ಡಿಗ್ರಿ ಅಷ್ಟೇ, 35 ಸೆಂ.ಮೀ. ದೂರದ ಹಾಳೆ ಮೇಲೆ ಅದು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಎರಡೋ ಮೂರೋ ಅಕ್ಷರ. ಪೆನ್ನಿನ ತುದೀನೇ ನೋಡ್ತಾ ಬರೆದ್ರೆ ಪ್ರತಿ ಪದಾನೂ ಅದರ ಹಿಂದಿನ ಪದಕ್ಕೆ ಹೊಂದಿಸ್ತಾ ಹೋಗ್ತೀವಿ, ಹಿಂದಿನದು ಕೂದಲೆಳೆ ವಾಲಿದ್ರೆ ಮುಂದಿನದು ಇನ್ನೊಂದೆಳೆ. ಗಾರೆ ಕೆಲಸದವರು ಪಕ್ಕದ ಇಟ್ಟಿಗೆ ನೋಡ್ಕೊಂಡು ಗೋಡೆ ಕಟ್ಟಲ್ಲ, ಎರಡೂ ತುದಿಗೆ ನೂಲು ಕಟ್ತಾರೆ.

ಬರೆಯೋರೂ ಹಿಂದಿನಿಂದ ನೂಲೇ ಕಟ್ಟಿದ್ದು. ಪರ್ಷಿಯನ್, ಅರೇಬಿಕ್ ಹಸ್ತಪ್ರತಿ ಬರೆಯೋರ ಹತ್ರ ಮಿಸ್ತರ ಅಂತ ಒಂದು ಸಾಧನ ಇತ್ತು, ರಟ್ಟಿನ ಮೇಲೆ ಸಾಲುಸಾಲಾಗಿ ದಾರ ಬಿಗಿದಿರ್ತಿದ್ರು, ಅದರ ಮೇಲೆ ಹಾಳೆ ಇಟ್ಟು ಬೆರಳಲ್ಲಿ ಉಜ್ಜಿದ್ರೆ ಇಂಕೇ ಇಲ್ಲದ ಗೆರೆ ಮೂಡೋದು. ಮಧ್ಯಯುಗದ ಯುರೋಪಲ್ಲಿ ಚರ್ಮದ ಹಾಳೆಯ ಅಂಚಿಗೆ ಸಣ್ಣ ಸಣ್ಣ ತೂತು ಚುಚ್ಚಿ ಆ ಚುಕ್ಕಿಗಳನ್ನ ಸೇರಿಸಿ ಗೆರೆ ಎಳೀತಿದ್ರು. ನಮ್ಮ ಮನೆ ಮುಂದಿನ ರಂಗೋಲೀನೂ ಅದೇ ತಾನೇ, ಮೊದಲು ಚುಕ್ಕಿ.

ಇವತ್ತಿನ ಸುಲಭ ದಾರಿ ಅಂದ್ರೆ ಕಪ್ಪು ಗೆರೆ ಎಳೆದ ಹಾಳೆ ಅಡಿಯಲ್ಲಿಡೋದು. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡ್ತಾರೆ, ಎರಡು ಹಾಳೆ ಮಧ್ಯ ಗ್ಯಾಪ್ ಬಿಡ್ತಾರೆ. ಕಾಗದ ಬೆಳ್ಳಗೆ ಕಾಣೋಕೆ ಮುಖ್ಯ ಕಾರಣ ನಾರುಗಳ ಮಧ್ಯ ಇರೋ ಗಾಳಿ, ನಾರಿಂದ ಗಾಳಿಗೆ ಗಾಳಿಯಿಂದ ನಾರಿಗೆ ದಾಟುವಾಗೆಲ್ಲಾ ಬೆಳಕು ದಿಕ್ಕಾಪಾಲಾಗಿ ಚದುರುತ್ತೆ (ಬೋಂಡಾ ಕಟ್ಟಿದ ಪೇಪರ್ ಪಾರದರ್ಶಕ ಆಗೋದು ಆ ಗಾಳಿ ಜಾಗಕ್ಕೆ ಎಣ್ಣೆ ಹೋಗಿ ಕೂತಾಗ). ಹಾಳೆ ಅಂಟಿಕೊಂಡಿದ್ರೆ ಗೆರೆ ಕಾಣುತ್ತೆ, ಸ್ವಲ್ಪ ಮೇಲೆದ್ರೂ ಚದುರಿದ ಬೆಳಕು ಆ ಗ್ಯಾಪಲ್ಲಿ ಹರಡಿ ಗೆರೆ ಮಸುಕು ಮಸುಕು. ಅದಕ್ಕೇ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಗೆರೆ ಎಳ್ದು, ಎರಡನ್ನೂ ಸೇರಿಸಿ ಕ್ಲಿಪ್ ಹಾಕಿ.

ಇನ್ನೊಂದು ವಿಷ್ಯ, ಗೆರೆ ಮಧ್ಯದ ಅಂತರಕ್ಕೆ ಇಂಗ್ಲಿಷ್ ನೋಟ್‌ಬುಕ್ ಅಳತೆ ನೋಡ್ಬೇಡಿ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಒಂದೇ ಸಾಲಿಗೆ ಮೂರಂತಸ್ತು ಬೇಕು, ಜಾಗ ಕಮ್ಮಿ ಆದ್ರೆ ಒತ್ತಿಗೆ ಜಾಗ ಮಾಡಕ್ಕೆ ಹೋಗಿ ಮುಂದಿನ ಅಕ್ಷರ ಮೇಲೆ ಜಿಗಿಯುತ್ತೆ. ನಾನಂತೂ 12 ಮಿ.ಮೀ. ಬಿಡ್ತೀನಿ. ಪುಟದ ಕೊನೆಗೆ ಬಂದಾಗ ಕೈ ಕೆಳಗೆ ಎಳ್ಕೊಳ್ಳೋ ಬದಲು ಹಾಳೇನೇ ಮೇಲೆ ತಳ್ಳಿ, ಇಲ್ಲಾಂದ್ರೆ ಮೊಣಕೈ ಟೇಬಲ್ಲಿಂದ ಜಾರಿ ಕೊನೇ ನಾಲ್ಕು ಸಾಲು ಹಾಳಾಗುತ್ತೆ. ಮದುವೆ ಕಾರ್ಡಿನ ಕವರ್ ದಪ್ಪ, ಅಡಿ ಹಾಳೆ ಕಾಣಲ್ಲ, ಅಲ್ಲಿ ಅಡ್ರೆಸ್ ಬರೆಯೋಕೆ ಬಲ ತುದೀಲಿ ಸಾಲಿಗೊಂದು ಪೆನ್ಸಿಲ್ ಚುಕ್ಕಿ ಇಟ್ಕೊಂಡು ಪೆನ್ನಿನ ತುದಿ ಬಿಟ್ಟು ಆ ಚುಕ್ಕಿ ಕಡೆ ಆಗಾಗ ನೋಡ್ತಾ ಬರೀರಿ, ಆಮೇಲೆ ರಬ್ಬರ್ ಹಾಕೋದು ಮರೀಬೇಡಿ.